ಮೌನಮೀಮಾಂಸೆ: ಓಪನ್ ಸೋರ್ಸ್ ಗುರುಶಿಷ್ಯರ ಹೊಣೆಗಾರಿಕೆಗೆ ನಾಲ್ಕು ತಾಲ್ಲೂಕುಗಳ ಪ್ರಮಾಣ

ವಿಷಯ

ಅಥಾತೋ ಮೌನಜಿಜ್ಞಾಸಾ. ಬರೆಯುತ್ತೇನೆಂದು ಒಪ್ಪಿಕೊಂಡ ಕೋಡನ್ನು ಬರೆಯದೆ ಕೂತ ಶಿಷ್ಯನ ಮೌನ, ಬರೆದು ಕಳಿಸಿದ ಕೋಡನ್ನು ನೋಡದೆ ಕೂತ ಗುರುವಿನ ಮೌನ: ಈ ಎರಡೇ ಈ ಶಾಸ್ತ್ರದ ವಿಷಯ.

ಸಂದರ್ಭ ಹೀಗಿದೆ. 2005ರಲ್ಲಿ ಗೂಗಲ್ ಕಂಪನಿ ‘ಸಮರ್ ಆಫ್ ಕೋಡ್’ ಶುರುಮಾಡಿತು. ಕಾಲೇಜು ಹುಡುಗ ಹುಡುಗಿಯರು ಬೇಸಿಗೆಯಲ್ಲಿ ಒಂದು ಓಪನ್ ಸೋರ್ಸ್ ಯೋಜನೆಗೆ ಕೋಡ್ ಬರೆಯಬೇಕು. ಆ ಯೋಜನೆಯಲ್ಲಿ ಪಳಗಿದವರೊಬ್ಬರು ಮೆಂಟರ್ ಆಗಿ ದಾರಿ ತೋರಿಸಬೇಕು. ನಡುವೆ ಒಮ್ಮೆ, ಕೊನೆಗೊಮ್ಮೆ ಮೌಲ್ಯಮಾಪನ. ಗುರು ಶಿಷ್ಯನನ್ನು ಅಳೆಯುವಂತೆ ಶಿಷ್ಯನೂ ಗುರುವನ್ನು ಅಳೆಯಬೇಕು. 2022ರಲ್ಲಿ ವಿದ್ಯಾರ್ಥಿಗಳಲ್ಲದ ಹೊಸಬರಿಗೂ ಬಾಗಿಲು ತೆರೆಯಿತು, ‘ಸ್ಟೂಡೆಂಟ್’ ಎಂಬ ಹೆಸರು ‘ಕಾಂಟ್ರಿಬ್ಯೂಟರ್’ ಎಂದಾಯಿತು. ಮೌನ ಮಾತ್ರ ಹಳೆಯ ಹೆಸರಿನಲ್ಲೇ ಮುಂದುವರಿದಿದೆ.

ಸಂಶಯ

ಈ ಮೌನದ ಹೊಣೆ ಯಾರದು? ಅದಕ್ಕೆ ಮೊದಲು ಮೌನದ ಪ್ರಭೇದಗಳು ತಿಳಿಯಬೇಕು. ಲಜ್ಜಾಮೌನ: ತಪ್ಪಿರುವ ಕೋಡನ್ನು ಸರ್‌ಗೆ ಹೇಗೆ ತೋರಿಸುವುದು ಎಂಬುದರಿಂದ ಹುಟ್ಟಿದ್ದು. ಪೂರ್ಣತಾಮೌನ: ಎಲ್ಲ ಮುಗಿದ ಮೇಲೆ ಒಂದೇ ಸಲ ತೋರಿಸೋಣ ಎಂಬುದು, ಇದು ಪ್ರಾಯಶಃ ಮೋಕ್ಷದ ತನಕ ಇರುತ್ತದೆ. ಪರೀಕ್ಷಾಮೌನ: ಸೆಮಿಸ್ಟರ್‌ಗೆ ಅಧೀನವಾದದ್ದು. ವಿದ್ಯುನ್ಮೌನ: ಕರೆಂಟ್ ಹೋದಾಗ ಬರುವಂಥದ್ದು, ಕರೆಂಟ್ ಬಂದ ಮೇಲೂ ಉಳಿಯುವಂಥದ್ದು. ಐದನೆಯದು ಗುರುಮೌನ, ಇದಕ್ಕೆ ಕಾರಣ ಕೇಳುವ ಪದ್ಧತಿ ಇಲ್ಲ.

ಮೌನದ ನಡುವೆ ಆಗಾಗ ಕೇಳಿಬರುವ ಧ್ವನಿಯನ್ನು ಮೌನದ ಉಪಾಂಗವೆಂದೇ ತಿಳಿಯಬೇಕು. ಉದಾಹರಣೆಗೆ, ‘ಆಗೇತ್ರಿ ಸರ, ಒಂದ್ ಚೂರ ಉಳದೈತಿ’ ಎಂಬ ವಾಕ್ಯ. ಇದರಲ್ಲಿ ‘ಚೂರ’ ಎಂದರೆ ಆರಂಭದಿಂದ ಅಂತ್ಯದವರೆಗೆ ಎಂದರ್ಥ. ಗುರುಪಕ್ಷದಲ್ಲಿ ಇದಕ್ಕೆ ಸಮನಾದದ್ದು ‘ಈ ವೀಕೆಂಡ್ ನೋಡ್ತೀನಿ’. ಯಾವ ವೀಕೆಂಡ್ ಎಂಬುದು ಅಧ್ಯಾಹಾರ.

ಪೂರ್ವಪಕ್ಷ

ಕೆಲವರು ಹೀಗೆ ವಾದಿಸುತ್ತಾರೆ: ಹೊಣೆಗಾರಿಕೆ, ವಾರದ ವರದಿ, ಎರಡೂ ಕಡೆಯ ಮೌಲ್ಯಮಾಪನ ಇವೆಲ್ಲ ಕ್ಯಾಲಿಫೋರ್ನಿಯಾದ ಸರಕು. ನಮ್ಮಲ್ಲಿ ಗುರು ಕೇಳಿದಾಗ ಮಾತ್ರ ಮಾತಾಡುವುದೇ ಮರ್ಯಾದೆ. ಸಾಕ್ಷಾತ್ ದಕ್ಷಿಣಾಮೂರ್ತಿಯೇ ಮೌನದಿಂದ ಪಾಠ ಹೇಳಿದವನು. ಶಿಷ್ಯರ ಸಂಶಯಗಳು ತಾವಾಗಿ ಹರಿದುಹೋದವು. ಆದ್ದರಿಂದ ಪುಲ್ ರಿಕ್ವೆಸ್ಟ್‌ಗೆ ಉತ್ತರಿಸದ ಮೆಂಟರ್ ದಕ್ಷಿಣಾಮೂರ್ತಿಯ ಸಂಪ್ರದಾಯದವನು.

ಉತ್ತರಪಕ್ಷ

ಇದಕ್ಕೆ ವಿಜಯಪುರ ಜಿಲ್ಲೆ ನಾಲ್ಕು ಉತ್ತರ ಕೊಡುತ್ತದೆ.

ಮೊದಲನೆಯದು ಇಂಡಿ ಪ್ರಮಾಣ. ಇಂಡಿ ಎಂದರೆ ಲೋಕಕ್ಕೆ ನಿಂಬೆಹಣ್ಣು, ಶಾಸ್ತ್ರಕಾರನಿಗೆ ಸಾಲೋಟಗಿ. ಅಲ್ಲಿಯ ಕಂಬಶಾಸನ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು, ಕ್ರಿ.ಶ. 945ರದ್ದು. ರಾಜನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ನಾನಾ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರಿಗೆ 27 ಮನೆ, ನಿರ್ವಹಣೆಗೆ 500 ನಿವರ್ತನ ಭೂಮಿ, ದೀಪಕ್ಕೆ 12 ನಿವರ್ತನ. ಉಪಾಧ್ಯಾಯನಿಗೆ 50 ನಿವರ್ತನ ಮತ್ತು ಒಂದು ಮನೆ. ಊರಲ್ಲಿ ಮದುವೆಯಾದರೆ ಐದು ಹೂವಿನ ಕಾಣಿಕೆ, ಉಪನಯನವಾದರೆ ಅದರ ಅರ್ಧ ಶಾಲೆಗೆ ಸಲ್ಲಬೇಕು. ಇದೇ ಜಗತ್ತಿನ ಮೊದಲ ಸಮರ್ ಆಫ್ ಕೋಡ್ ಎಂಬುದರಲ್ಲಿ ಈ ಲೇಖಕನಿಗೆ ಸಂದೇಹವಿಲ್ಲ. ಬೇರೆಯವರ ಸಂದೇಹವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಗಣಿತವೂ ಇದನ್ನೇ ಹೇಳುತ್ತದೆ. 2005ರಲ್ಲಿ ಗೂಗಲ್ ಒಬ್ಬ ವಿದ್ಯಾರ್ಥಿಗೆ 4,500 ಡಾಲರ್ ಕೊಟ್ಟು, ಮೆಂಟರ್ ಒದಗಿಸಿದ ಸಂಸ್ಥೆಗೆ 500 ಡಾಲರ್ ಕೊಟ್ಟಿತು. ಸಾಲೋಟಗಿಯಲ್ಲಿ ಶಿಷ್ಯಪಕ್ಷ ಗುರುಪಕ್ಷದ ಹತ್ತು ಪಟ್ಟು. ಕ್ಯಾಲಿಫೋರ್ನಿಯಾದಲ್ಲಿ ಒಂಬತ್ತು ಪಟ್ಟು. ಅಂದರೆ 1,060 ವರ್ಷಕ್ಕೆ ಒಂದು ಪಟ್ಟು ಇಳಿಕೆ. ಇದೇ ವೇಗದಲ್ಲಿ ಹೋದರೆ ಗುರುಶಿಷ್ಯರು ಸರಿಸಮಾನರಾಗಲು ಇನ್ನು 8,480 ವರ್ಷ ಸಾಕು.

ಆದರೆ ಒಂದು ಮಾತನ್ನು ಒಪ್ಪಬೇಕು. ದೀಪಕ್ಕೂ ಲೆಕ್ಕ ಬರೆಸಿದ ಆ ಕಂಬ, ಕೇಳಿದ ಪ್ರಶ್ನೆಗೆ ಉಪಾಧ್ಯಾಯ ಎಷ್ಟು ದಿನದೊಳಗೆ ಉತ್ತರಿಸಬೇಕೆಂದು ಬರೆಸಿಲ್ಲ. ಹೊಣೆಗಾರಿಕೆಯೆಂದರೆ ದುಡ್ಡಿನ ಲೆಕ್ಕ ಎಂದು ತಿಳಿಯುವ ಪರಂಪರೆ ಅಲ್ಲಿಂದ ಇಲ್ಲಿಯತನಕ ಅಖಂಡವಾಗಿದೆ.

ಎರಡನೆಯದು ಸಿಂದಗಿ ಪ್ರಮಾಣ. ಮಡಿವಾಳ ಮಾಚಿದೇವನ ಊರು ದೇವರ ಹಿಪ್ಪರಗಿ. ಅದು ಸಿಂದಗಿ ತಾಲ್ಲೂಕಿನಲ್ಲಿತ್ತು, ಈಚೆಗೆ ಫೋರ್ಕ್ ಆಗಿ ತಾನೇ ತಾಲ್ಲೂಕಾಗಿದೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನಿಗೆ ತನ್ನ ದಾನದ ಬಗ್ಗೆ ತುಸು ಅಹಂಭಾವ ಮೂಡಿದಾಗ, ಬಟ್ಟೆ ಒಗೆಯುವ ಕಾಯಕದ ಮಾಚಿದೇವ ಅದನ್ನು ಎದುರಿಗೇ ತೋರಿಸಿ ತಿದ್ದಿದ ಎಂಬುದು ಐತಿಹ್ಯ. ಯೋಜನೆಯ ಮುಖ್ಯಸ್ಥನ ಪ್ಯಾಚನ್ನೇ ತಿರುಗಿ ಕಳಿಸಿದ ರಿವ್ಯೂ ಇದು. ಮುಖ್ಯಸ್ಥ ತಿದ್ದಿಕೊಂಡ. ಹೋಲಿಸಿ ನೋಡಿ: 1991ರಲ್ಲಿ ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್, ಬೇರೆಯವರ ಪ್ಯಾಚ್‌ಗಳಿಗೆ ತಾನು ಬರೆಯುತ್ತಿದ್ದ ಕಟುಮಾತುಗಳಿಗಾಗಿ ಕ್ಷಮೆ ಕೇಳಿದ್ದು 2018ರ ಸೆಪ್ಟೆಂಬರಿನಲ್ಲಿ. ಕಲೆ ತೆಗೆಯುವಾಗ ಬಟ್ಟೆ ಹರಿಯಬಾರದು ಎಂಬ ನಿಯಮ ಹಿಪ್ಪರಗಿಯ ಹಳ್ಳದಿಂದ ಅಲ್ಲಿಗೆ ತಲುಪಲು ಎಂಟು ಶತಮಾನಕ್ಕೂ ಹೆಚ್ಚು ಹಿಡಿಯಿತು.

ಮೂರನೆಯದು ಬಸವನ ಬಾಗೇವಾಡಿ ಪ್ರಮಾಣ. ಇಲ್ಲಿಯ ಬಸವಣ್ಣನಿಂದ ಹಿಡಿದು ಶರಣರ ವಚನಗಳಿಗೆ ಸಾಮಾನ್ಯವಾಗಿ ಅಂಕಿತವಿರುತ್ತದೆ. ಆಡಿದವರು ಯಾರೆಂದು ಮಾತಿನೊಳಗೇ ತಿಳಿಯುತ್ತದೆ. ಲಿನಕ್ಸ್‌ಗೆ ಕಳಿಸುವ ಪ್ರತಿ ಪ್ಯಾಚ್‌ನ ಕೆಳಗೆ ಕಳಿಸಿದವರು ‘ಸೈನ್ಡ್ ಆಫ್ ಬೈ’ ಎಂದು ಹೆಸರು ಹಾಕಬೇಕೆಂಬ ಕಟ್ಟಳೆ ಬಂದದ್ದು 2004ರಲ್ಲಿ. ಇನ್ನು ಫೋರ್ಕ್ ವಿಚಾರ: ಶರಣರ ಸಂವಾದಗಳನ್ನು ಜೋಡಿಸಿದ ‘ಶೂನ್ಯಸಂಪಾದನೆ’ ನಾಲ್ವರ ಕೈಯಲ್ಲಿ ನಾಲ್ಕು ಪರಿಷ್ಕರಣಗಳಾಗಿ ಬೆಳೆಯಿತು. ಹಿಂದಿನದು ಸರಿಯಿಲ್ಲವೆನಿಸಿದವರು ಸುಮ್ಮನೆ ಮುನಿಸಿಕೊಂಡು ಕೂರದೆ ತಮ್ಮದನ್ನು ಕಟ್ಟಿ ತೋರಿಸಿದರು. ಈಗ ಕನ್ನಡದ ಸ್ವಯಂಸೇವಕರು ಕಟ್ಟಿದ ‘ವಚನ ಸಂಚಯ’ದಲ್ಲಿ ವಚನಗಳನ್ನು ಪದಪದ ಹಿಡಿದು ಹುಡುಕಬಹುದು. ಆದ್ದರಿಂದ ವಚನ ಸಾಹಿತ್ಯಕ್ಕೂ ಓಪನ್ ಸೋರ್ಸ್‌ಗೂ ಇರುವ ಸಂಬಂಧ ಸಿದ್ಧವಾಯಿತು. ಸಿದ್ಧವಾಗಿಲ್ಲ ಎನ್ನುವವರು ಪ್ಯಾಚ್ ಕಳಿಸಬಹುದು.

ನಾಲ್ಕನೆಯದು ಮುದ್ದೇಬಿಹಾಳ ಪ್ರಮಾಣ, ಎಲ್ಲಕ್ಕಿಂತ ಬಲವಾದದ್ದು. ಕಲ್ಯಾಣದ ಕ್ರಾಂತಿಯ ಹೊತ್ತಿಗೆ ಕೂಡಲಸಂಗಮಕ್ಕೆ ಬಂದ ಬಸವಣ್ಣ, ಪತ್ನಿ ನೀಲಮ್ಮನನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳಿಸಿದ. ಆಕೆ ಈ ತಾಲ್ಲೂಕಿನ ಕೃಷ್ಣಾ ತೀರದ ತಂಗಡಗಿಯ ತನಕ ಬಂದಳು. ಸಂಗಮದ ದೇವರು ಇಲ್ಲಿಯೂ ಇದ್ದಾನೆ ಎಂದು ಹೇಳಿ ಅಲ್ಲಿಯೇ ಐಕ್ಯಳಾದಳು ಎಂದು ಪರಂಪರೆ ಹೇಳುತ್ತದೆ. ಆಕೆ ಮುಂದಕ್ಕೆ ಹೋಗಲಿಲ್ಲ, ಆದರೆ ಹೋಗುವುದಿಲ್ಲವೆಂದು ಹೇಳಿದಳು, ಕಾರಣವನ್ನೂ ಕೊಟ್ಟಳು. ಕರೆದವನು ಬಸವಣ್ಣ ಎಂಬ ಗೌರವ ಆ ಉತ್ತರಕ್ಕೆ ಅಡ್ಡ ಬರಲಿಲ್ಲ. ಅರ್ಧಕ್ಕೆ ಬಿಡುವ ಶಿಷ್ಯನಿಗೂ ಕೈಬಿಡುವ ಗುರುವಿಗೂ ಇದಕ್ಕಿಂತ ಬೇರೆ ಪಾಠವಿಲ್ಲ: ಆಗುವುದಿಲ್ಲ ಎಂಬುದೂ ಒಂದು ವರದಿ.

ನಿರ್ಣಯ

ಮೌನ ಗೌರವದ ಲಕ್ಷಣವೆಂಬ ಪೂರ್ವಪಕ್ಷ ಬಿದ್ದುಹೋಯಿತು. ಶರಣರು ಅನುಭವ ಮಂಟಪದಲ್ಲಿ ಕೂತು ಎದುರುಬದುರು ಕೇಳಿದರು, ಎಲ್ಲರೆದುರು ಉತ್ತರಿಸಿದರು. ಅದರಿಂದ ಯಾರ ಮರ್ಯಾದೆಯೂ ಕಡಿಮೆಯಾಗಲಿಲ್ಲ. ಆದ್ದರಿಂದ ಶಿಷ್ಯನು ಹರಕು ಕೋಡನ್ನೂ ವಾರಕ್ಕೊಮ್ಮೆ ಎಲ್ಲರಿಗೂ ಕಾಣುವ ಜಾಗದಲ್ಲಿ ಇಡತಕ್ಕದ್ದು. ಗುರುವು ಅಷ್ಟೇ ಅವಧಿಯಲ್ಲಿ ನೋಡತಕ್ಕದ್ದು. ನೋಡಲಾಗದಿದ್ದರೆ ಬೇರೊಬ್ಬ ಗುರುವನ್ನು ತೋರಿಸತಕ್ಕದ್ದು. ಬಿಡುವವರು ಹೇಳಿ ಬಿಡತಕ್ಕದ್ದು. ದಕ್ಷಿಣಾಮೂರ್ತಿಗೆ ಮಾತ್ರ ವಿನಾಯಿತಿ ಉಂಟು. ಅವನ ಶಿಷ್ಯರು ಕಂಪೈಲ್ ಮಾಡಬೇಕಿರಲಿಲ್ಲ.

ಶಾಪಾಶಯ

ಈ ಧರ್ಮವನ್ನು ಪಾಲಿಸಿದವರಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ದಾನ ಕೊಟ್ಟ ಫಲ. ಅಳಿದವರು, ಗುರುವಾಗಲಿ ಶಿಷ್ಯನಾಗಲಿ, ಅರವತ್ತು ಸಾವಿರ ವರ್ಷ ಬೇರೆಯವರು ಬರೆದ, ಒಂದು ಸಾಲಿನ ಟಿಪ್ಪಣಿಯೂ ಇಲ್ಲದ ಕೋಡನ್ನು ತಿದ್ದುತ್ತಾ ಕೂರುವರು. ಸಂಶಯ ಬಂದು ಬರೆದು ಕೇಳಿದಾಗಲೆಲ್ಲ ‘ಈ ವೀಕೆಂಡ್ ನೋಡ್ತೀನಿ’ ಎಂಬ ಉತ್ತರ ಬರುವುದು.