ಅರಿಶಿನ ಹತ್ತಿದ ಡಬ್ಬಿ

(ಮಂಡ್ಯದ ಒಂದು ಪಾತ್ರೆ ಅಂಗಡಿ. ಗಲ್ಲಾದಲ್ಲಿ ಶೆಟ್ಟರು. ಪಕ್ಕದಲ್ಲಿ ಪಾಲಿಮರ್ ಎಂ.ಎಸ್ಸಿ. ಓದುತ್ತಿರುವ ಮಗ ಕಿಟ್ಟಿ. ಗೌರಮ್ಮ ಡಬ್ಬಿ ಹಿಡಿದು ಒಳಗೆ ಬರುತ್ತಾರೆ.)

ಗೌರಮ್ಮ: ಶೆಟ್ರೇ, ಬೆಳ್ಳಗಿರೋ ಡಬ್ಬಿ ಅಂತ ತಾನೆ ಕೊಟ್ಟಿದ್ದು? ಒಂದ್ಸಲ ಹುಳಿ ಹಾಕಿಟ್ಟೆ, ಅರಿಶಿನ ಹಚ್ಚಿದ ಮದುವಣಗಿತ್ತಿ ಥರ ಆಗೋಗೈತೆ!

ಶೆಟ್ಟರು: ಚೆನ್ನಾಗಿ ಉಜ್ಜಬೇಕಿತ್ತಮ್ಮ.

ಗೌರಮ್ಮ: ಬಟ್ಟೆ ಸೋಪ್ ಹಾಕ್ಕೊಂಡು ಉಜ್ಜಿದೆ. ಹಳದಿ ಹೋಗ್ಲಿಲ್ಲ, ಕೆಂಪಗಾಯ್ತು!

ಕಿಟ್ಟಿ: ಆಗಲೇಬೇಕು ದೊಡ್ಡಮ್ಮ. ಅರಿಶಿನದ ಬಣ್ಣ ಕರ್ಕ್ಯುಮಿನ್. ಕ್ಷಾರ ತಾಗಿದ್ರೆ ಕೆಂಪಾಗುತ್ತೆ. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಆರತಿ ಎತ್ತಲ್ವಾ, ಅದೇ ಇದು.

ಗೌರಮ್ಮ: ಅಂದ್ರೆ ಡಬ್ಬಿಗೆ ಆರತಿ ಎತ್ತಿದ್ನಾ ನಾನು?

ಕಿಟ್ಟಿ: ಕರ್ಕ್ಯುಮಿನ್ ನೀರಲ್ಲಿ ಕರಗಲ್ಲ, ಎಣ್ಣೇಲಿ ಕರಗುತ್ತೆ. ಈ ಡಬ್ಬಿ ಪಾಲಿಪ್ರೊಪಿಲೀನ್. ಅದಕ್ಕೂ ನೀರು ಆಗಲ್ಲ, ಎಣ್ಣೆ ಅಂದ್ರೆ ಪ್ರಾಣ. ಒಗ್ಗರಣೆ ಸಮೇತ ಬಿಸಿ ಹುಳಿ ಸುರಿದ್ರೆ ಪ್ಲಾಸ್ಟಿಕ್ಕಿನ ಉದ್ದುದ್ದ ಸರಪಳಿಗಳು ಸಡಿಲವಾಗಿ, ಸಂದೀಲಿ ಬಣ್ಣ ಇಳಿದುಬಿಡುತ್ತೆ. ನೀವು ಉಜ್ಜೋದು ಮೇಲೆ, ಅದು ಕೂತಿರೋದು ಒಳಗೆ.

ಗೌರಮ್ಮ: ಸ್ಟೀಲಿಗೆ ಈ ರೋಗ ಇಲ್ಲ ಬುಡಪ್ಪ.

ಶೆಟ್ಟರು: ಸ್ಟೀಲೂ ಇದೆ, ತೋರಿಸ್ಲಾ?

ಗೌರಮ್ಮ: ಮೊದ್ಲು ಇದರ ದುಡ್ಡು ವಾಪಸ್ ಕೊಡಿ!

ಕಿಟ್ಟಿ: ಪ್ರಯೋಗಾಲಯದಲ್ಲಿ ಇದೇ ಬಣ್ಣಾನ ಬೇಕೂಂತ ಬೆರೆಸ್ತಾರೆ ದೊಡ್ಡಮ್ಮ. ಪಿಷ್ಟದಿಂದಲೋ, ಸಿಗಡಿ ಚಿಪ್ಪಿಂದ ತೆಗೆಯೋ ಕೈಟೊಸಾನ್‌ನಿಂದಲೋ ಮಾಡಿದ ತೆಳು ಹಾಳೆಗೆ ಸೇರಿಸಿದ್ರೆ ಅತಿನೇರಳೆ ಕಿರಣ ತಡೆಯುತ್ತೆ. ಒಳಗಿನ ತಿಂಡಿ ಬೇಗ ಕಮಟು ಹಿಡಿಯಲ್ಲ. ಮೀನಿನ ಪ್ಯಾಕೆಟ್ ಒಳಗಿಟ್ರೆ ಇನ್ನೂ ಮಜಾ: ಮೀನು ಕೆಟ್ಟಾಗ ಅಮೋನಿಯಾ ಬರುತ್ತೆ, ಅದೂ ಕ್ಷಾರ, ಹಾಳೆ ಕೆಂಪಗಾಗುತ್ತೆ.

ಗೌರಮ್ಮ: ಮೀನು ಕೆಟ್ಟಿದ್ದು ತಿಳಿಯಾಕೆ ಮೂಗು ಸಾಲ್ದಾ?

ಕಿಟ್ಟಿ: ಪ್ಯಾಕೆಟ್ ಒಡೆಯೋಕೆ ಮುಂಚೆ ಮೂಗು ಏನು ಮಾಡುತ್ತೆ?

ಶೆಟ್ಟರು: (ಡಬ್ಬಿ ಎತ್ತಿ ನೋಡುತ್ತ) ಹಂಗಾದ್ರೆ ಇದು ಹೊಸ ತಂತ್ರಜ್ಞಾನ. ನೀವೇ ಇನ್ನೂ 20 ರೂಪಾಯಿ ಕೊಡಬೇಕಮ್ಮ.

ಗೌರಮ್ಮ: ಹುಳಿ ನಂದು, ಅರಿಶಿನ ನಂದು. ಆ 20 ನಂಗೇ ಬರಬೇಕು!

ಕಿಟ್ಟಿ: ಜಗಳ ಬೇಡ. ಬಿಸಿಲು ಬಿದ್ರೆ ಕರ್ಕ್ಯುಮಿನ್ ತಾನೇ ಒಡೆದುಹೋಗುತ್ತೆ. ಎರಡು ದಿನ ಡಬ್ಬಿನ ತಾರಸಿ ಮೇಲೆ ಬಾಯಿ ಮೇಲಾಗಿ ಇಡಿ.

ಗೌರಮ್ಮ: ಹಪ್ಪಳದ ಪಕ್ಕಾನೇ ಇಡ್ತೀನಿ. ಆಗ್ಲೂ ಬೆಳ್ಳಗಾಗ್ದಿದ್ರೆ?

ಶೆಟ್ಟರು: ಅರಿಶಿನದ ಪುಡಿ ತುಂಬಿಡಿ, ಯಾರಿಗೂ ಗೊತ್ತಾಗಲ್ಲ. ಬಿಸಿ ಹುಳಿಗೆ ಮಾತ್ರ ಸ್ಟೀಲೇ ಸರಿ ಕಣಮ್ಮ.