ಹೆಜ್ಜೆಗೊಂದು ಪಾಯಿಂಟ್, ಪಾಯಿಂಟಿಗೊಂದು ಪೊಟ್ಟಣ

ಚಿಕ್ಕೋಡಿ ಸೀಮೆಯ ಆರೋಗ್ಯ ವಿಮೆ ಏಜೆಂಟರು ಈಗ ರೋಗದ ಹೆದರಿಕೆ ಹಾಕುವುದನ್ನು ಬಿಟ್ಟು ಓಟ್ಸ್ ಮಾರಲು ಹೊರಟಿದ್ದಾರೆ. ಸಂಭಾಷಣೆ ಹೆಚ್ಚುಕಡಿಮೆ ಹೀಗಿರುತ್ತದೆ:

"ಕಾಕಾ, ದಿನಾ ಹತ್ತು ಸಾವಿರ ಹೆಜ್ಜಿ ಹಾಕ್ರಿ. ಮೊಬೈಲ್ ತಾನ ಎಣಸ್ತದ, ಪಾಯಿಂಟ್ ಬೀಳ್ತಾವ."

"ಪಾಯಿಂಟ್ ಬಿದ್ರ ಏನಾಗ್ತದೋ ತಮ್ಮಾ?"

"ಆರೋಗ್ಯದ ಕಿರಾಣಿ ಮ್ಯಾಲ ಡಿಸ್ಕೌಂಟ್ ರೀ. ಓಟ್ಸ್, ಕಿನ್ವಾ, ಜ್ವಾಳದ ಫ್ಲೇಕ್ಸ್..."

"ಜ್ವಾಳ ಮನ್ಯಾಗ ನಾಕ ಚೀಲ ಐತಲ್ಲೋ!"

"ಅದಕ್ಕ ಬಾರ್‌ಕೋಡ್ ಇಲ್ಲರಿ ಕಾಕಾ."

ಏಜೆಂಟನ ಮಾತು ಪೂರಾ ಗಾಳಿಮಾತಲ್ಲ. ದಕ್ಷಿಣ ಆಫ್ರಿಕದ ಡಿಸ್ಕವರಿ ಕಂಪನಿ 2009ರಲ್ಲೇ ಈ ಆಟ ಶುರು ಮಾಡಿತು. ಅದರ ಸದಸ್ಯರು ಗೊತ್ತುಮಾಡಿದ ಅಂಗಡಿಯಲ್ಲಿ ಆರೋಗ್ಯಕರ ಆಹಾರ ಕೊಂಡರೆ ಶೇ 25ರವರೆಗೆ ಹಣ ವಾಪಸು. ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರವೂ 2020ರ ಮಾರ್ಗಸೂಚಿಯಲ್ಲಿ ದಾರಿ ತೆರೆಯಿತು. ಪಾಯಿಂಟ್ ಗಳಿಸಿದವರಿಗೆ ಪ್ರೀಮಿಯಂ ರಿಯಾಯಿತಿ ಕೊಡಬಹುದು. ಪೌಷ್ಟಿಕ ಪುಡಿ-ಗುಳಿಗೆಗೆ, ಯೋಗ ಕೇಂದ್ರಕ್ಕೆ, ಜಿಮ್ಮಿಗೆ ಕೂಪನ್ ಕೊಡಬಹುದು. ಸಂತೆಯಲ್ಲಿ ಗೋಣಿತಾಟು ಹಾಸಿ ಮೆಂತ್ಯೆ ಪಲ್ಲೆ ಮಾರುವ ಅಜ್ಜಿಯ ಮುಂದೆ ಕೂಪನ್ ಹಿಡಿದರೆ ಮಾತ್ರ ಅಜ್ಜಿ ಅದರಲ್ಲೇ ಪಲ್ಲೆ ಸುತ್ತಿಕೊಟ್ಟಾಳು.

ಸರಿ, ಪಾಯಿಂಟ್ ಯಾರಿಗೆ ಬೀಳುತ್ತದೆ? ನಿಪ್ಪಾಣಿಯ ಬೀಡಿ ಕಟ್ಟುವ ಅವ್ವ ತೊಡೆಯ ಮೇಲೆ ಮೊರ ಇಟ್ಟುಕೊಂಡು, ಎಲೆ ಕತ್ತರಿಸಿ, ತಂಬಾಕು ತುಂಬಿ, ದಾರ ಸುತ್ತಿ, ಸಾವಿರದ ಲೆಕ್ಕ ಮುಗಿಸುವಷ್ಟರಲ್ಲಿ ಬೆಳಕು ಹೋಗಿರುತ್ತದೆ. ಬೆನ್ನು ಬಿಲ್ಲಾಗಿರುತ್ತದೆ, ಹೆಜ್ಜೆ ಸೊನ್ನೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಬೆಳಗಾವಿ ಜಿಲ್ಲೆಗೂ ಪಾಲು ಬಂತು. ಆದರೆ ಊರೆಲ್ಲ ನಡೆಯಲೆಂದು ಚಪ್ಪಲಿ ಹೊಲಿಯುವ ಅಥಣಿಯ ಕುಶಲಕರ್ಮಿ ದಿನವಿಡೀ ಕೂತೇ ಇರುತ್ತಾನೆ. ಅವನಿಗೂ ಸೊನ್ನೆ. ಕಾಗವಾಡ, ರಾಯಬಾಗದ ಗದ್ದೆಗಳಲ್ಲಿ ಕಬ್ಬು ಕಡಿಯುವ ಗ್ಯಾಂಗಿನ ಹೆಣ್ಣುಮಗಳು ತಲೆ ಮೇಲೆ ಕಬ್ಬಿನ ಹೊರೆ ಹೊತ್ತು, ಅಲುಗಾಡುವ ಹಲಗೆ ಏರಿ ಟ್ರೇಲರ್ ತುಂಬುತ್ತಾಳೆ. ಹೊತ್ತೇರುವ ಮೊದಲೇ ಹತ್ತು ಸಾವಿರ ದಾಟಿರುತ್ತದೆ. ಅವಳ ಗುಂಡಿ ಮೊಬೈಲಿಗೆ ಎಣಿಸಲು ಬರುವುದಿಲ್ಲ.

ಪಾಯಿಂಟ್ ಬೀಳುವುದು ಕಾರಿನಲ್ಲಿ ಮೈದಾನದ ತನಕ ಹೋಗಿ, ಕೈಗಡಿಯಾರ ಸರಿಪಡಿಸಿಕೊಂಡು, ಸುತ್ತು ಹೊಡೆದು, ಕಾರಿನಲ್ಲೇ ಮನೆಗೆ ಬರುವ ಸಾಹೇಬರಿಗೆ. ಉಂಡವನಿಗೇ ಇನ್ನೊಂದು ಹೋಳಿಗೆ!

ಇನ್ನು ವಿಮೆ ಅರ್ಜಿಯ ಪ್ರಶ್ನೆ: "ತಂಬಾಕು ಬಳಸುತ್ತೀರಾ?" ನಿಪ್ಪಾಣಿಯವರು ಏನು ಬರೆಯಬೇಕು? ಬಳಸುವುದಿಲ್ಲ ಸ್ವಾಮಿ, ಬೆಳೆಯುತ್ತೇವೆ, ಕಟ್ಟುತ್ತೇವೆ, ದೇಶಕ್ಕೆ ಕಳಿಸುತ್ತೇವೆ. ಸಕ್ಕರೆ ಬಿಟ್ಟರೆ ಆ್ಯಪ್ ಶಭಾಷ್ ಅನ್ನುತ್ತದೆ. ಉಗಾರದಲ್ಲಿ ಸಕ್ಕರೆ ಕಂಪನಿ ಹುಟ್ಟಿದ್ದು 1939ರಲ್ಲಿ. ಈ ಸೀಮೆಯ ಮದುವೆ, ಮನೆ, ಮತ ಎಲ್ಲವೂ ಅಂದಿನಿಂದ ಕಬ್ಬಿನ ಬಿಲ್ಲಿನ ಮೇಲೇ ನಿಂತಿವೆ. ಸಕ್ಕರೆ ಎಲ್ಲರೂ ಬಿಟ್ಟರೆ ಪ್ರೀಮಿಯಂ ಕಟ್ಟುವವರು ಯಾರು?

ಉಳಿತಾಯದ ಲೆಕ್ಕವನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ ಮೇಲಿನ ಶೇ 18ರ ಜಿಎಸ್‌ಟಿ ಹೋಯಿತು. 20,000 ರೂಪಾಯಿ ಪ್ರೀಮಿಯಂಗೆ ಅದು 3,600 ರೂಪಾಯಿ, ಅದೂ ಒಂದು ಹೆಜ್ಜೆ ಎತ್ತಿಡದೆ! ಯಶಸ್ವಿನಿ ಯೋಜನೆ 2022ರಲ್ಲಿ ಮತ್ತೆ ಬಂದಾಗ ಗ್ರಾಮೀಣ ಸಹಕಾರಿ ಸದಸ್ಯರ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಚಿಕಿತ್ಸೆ 5 ಲಕ್ಷದವರೆಗೆ. ಅಲ್ಲಿ ಯಾರೂ ಹೆಜ್ಜೆ ಕೇಳಲಿಲ್ಲ, ಓಟ್ಸನ್ನೂ ಕೊಡಲಿಲ್ಲ. ಪಾಯಿಂಟಿನ ಪೊಟ್ಟಣವಾದರೋ ನಮ್ಮದೇ ಪ್ರೀಮಿಯಂ ದುಡ್ಡು. ಬಣ್ಣದ ಕಾಗದ ಸುತ್ತಿಕೊಂಡು ಮನೆಗೆ ಬರುತ್ತದೆ, ಅಷ್ಟೆ.

ಆದ್ದರಿಂದ ಏಜೆಂಟ್ ಬಂದರೆ ಚಹಾ ಕೊಡಿ, ಪಾಯಿಂಟಿನ ಮಾತು ಪಕ್ಕಕ್ಕಿಡಿ, ಮೂರೇ ಪ್ರಶ್ನೆ ಕೇಳಿ. ಕಾಗವಾಡ, ಅಥಣಿಯವರು ಜಡ್ಡು ಬಂದರೆ ಓಡುವುದು ಮಿರಜಿಗೆ. ಅಲ್ಲಿಯ ಆಸ್ಪತ್ರೆ ನಿಮ್ಮ ನಗದುರಹಿತ ಪಟ್ಟಿಯಲ್ಲಿದೆಯೇ? ಕೋಣೆ ಬಾಡಿಗೆಗೆ ಮಿತಿ ಎಷ್ಟು? ಮೊದಲೇ ಇರುವ ಸಕ್ಕರೆ ಕಾಯಿಲೆಗೆ ಎಷ್ಟು ತಿಂಗಳು ಕಾಯಬೇಕು? 2024ರ ನಿಯಮದಂತೆ 36 ತಿಂಗಳಿಗಿಂತ ಹೆಚ್ಚು ಕಾಯಿಸುವಂತಿಲ್ಲ. ಉತ್ತರವನ್ನು ಬಾಯಿಮಾತಿನಲ್ಲಿ ಕೇಳಿ ಬಿಡಬೇಡಿ, ಪಾಲಿಸಿ ಕಾಗದದಲ್ಲಿ ತೋರಿಸಲು ಹೇಳಿ. ತೋರಿಸಿದರೆ ಸಹಿ ಹಾಕಿ. ಜೋಳ, ಪಲ್ಲೆ ಸಂತೆಯಿಂದಲೇ ತನ್ನಿ.