ನಕ್ಷೆ ಹಿಡಿದು ಮೈಸೂರು

ಗೈಡಿನ ನೆರವಿಲ್ಲದೆ, ಕೈಯಲ್ಲೊಂದು ನಕ್ಷೆ ಹಿಡಿದು, ತೋರಿಸುವವನೂ ನೋಡುವವನೂ ತಾನೇ ಆಗಿ ಊರು ಸುತ್ತುವುದಕ್ಕೆ ಪ್ರವಾಸಶಾಸ್ತ್ರದಲ್ಲಿ ಸ್ವಯಂ ಮಾರ್ಗದರ್ಶಿ ನಡಿಗೆ ಎನ್ನುತ್ತಾರೆ. ಮೈಸೂರಿನಲ್ಲಿ ಇದನ್ನು ಕಟ್ಟುನಿಟ್ಟಾಗಿ ಆಚರಿಸುವುದು ಕಷ್ಟ; ಏಕೆಂದರೆ ರಸ್ತೆಬದಿಯಲ್ಲಿ ನಕ್ಷೆ ಬಿಡಿಸಿ ನಿಂತವನು ಊರಿನವರ ಕಣ್ಣಿಗೆ ದಾರಿ ತಪ್ಪಿದವನಂತೆಯೇ ಕಾಣುತ್ತಾನೆ, ಮತ್ತು ಒಬ್ಬರು “ಹಿಂಗೇ ನೇರ ಹೋಗಿ ಸಾರ್” ಎನ್ನುವಷ್ಟರಲ್ಲಿ ಇನ್ನೊಬ್ಬರು ಈಗ ಇಲ್ಲದ ಟಾಕೀಸೊಂದರ ಪಕ್ಕದಲ್ಲಿ ಎಡಕ್ಕೆ ತಿರುಗಲು ಹೇಳಿರುತ್ತಾರೆ.

ನಡಿಗೆಯನ್ನು ಪುರಭವನದಿಂದ ಆರಂಭಿಸುವುದು ಸೂಕ್ತ. ಪ್ರಜೆಗಳ ಅಹವಾಲು ಸರ್ಕಾರದ ಕಿವಿಗೆ ಬೀಳಲೆಂದು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ ದಿವಾನ್ ರಂಗಾಚಾರ್ಲು ಅವರ ಹೆಸರು ಹೊತ್ತ ಈ ಕಟ್ಟಡದ ಬಳಿಯಲ್ಲೇ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ ದೊಡ್ಡ ಗಡಿಯಾರವಿದೆ. ಕೆ.ಆರ್. ವೃತ್ತದಾಚೆ ದೇವರಾಜ ಮಾರುಕಟ್ಟೆಯ ಮುಂದಿರುವ ಚಿಕ್ಕ ಗಡಿಯಾರವು ವೈಸರಾಯ್ ಡಫರಿನ್ನರ 1886ರ ಭೇಟಿಯ ಸ್ಮಾರಕವಾದ್ದರಿಂದ ವಯಸ್ಸಿನಲ್ಲಿ ಹಿರಿಯದು. ಆದರೂ ಊರು ಅದಕ್ಕೆ ಚಿಕ್ಕದೆಂಬ ಪಟ್ಟವನ್ನೇ ಕಟ್ಟಿದೆ. ಇವೆರಡರ ನಡುವಿನ ದಾರಿಗೆ ನಕ್ಷೆ ಕೆಲವೇ ನಿಮಿಷಗಳನ್ನು ವಿಧಿಸುತ್ತದಾದರೂ, ಮಲ್ಲಿಗೆಯ ಮೊಳ, ವೀಳ್ಯದೆಲೆಯ ಕಟ್ಟು, ಗೋಪುರದಂತೆ ಪೇರಿಸಿದ ಕುಂಕುಮ ಇವುಗಳ ನಡುವೆ ಸಿಕ್ಕಿಬಿದ್ದವನು ಎರಡು ಗಡಿಯಾರಗಳಿದ್ದೂ ಹೊತ್ತಿನ ಪರಿವೆಯಿಲ್ಲದೆ ಹೊರಬರುತ್ತಾನೆ. ದೋಸೆಗೆ ಯಾವ ಹೋಟೆಲು ಉತ್ತಮ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲವಾದ್ದರಿಂದ ಅದನ್ನು ಇಲ್ಲಿ ಚರ್ಚಿಸಿಲ್ಲ.

ಪಶ್ಚಿಮಕ್ಕೆ ದೇವರಾಜ ಅರಸು ರಸ್ತೆಯುದ್ದಕ್ಕೂ ಅಂಗಡಿಗಳ ಆಮಿಷವನ್ನು ಗೆದ್ದು ಬಂದವನಿಗೆ ಮುಂದೆ ಝಾನ್ಸಿ ಲಕ್ಷ್ಮೀಬಾಯಿ ರಸ್ತೆ ಎದುರಾಗುತ್ತದೆ. ವಾಹನಗಳ ಪ್ರವಾಹದ ನಡುವೆ ಅದನ್ನು ದಾಟುವಾಗ, ಆ ಹೆಸರಿಟ್ಟವರು ಪಾದಚಾರಿಗಳ ಕಷ್ಟ ಬಲ್ಲವರೇ ಇರಬೇಕು ಎಂಬ ನಂಬಿಕೆ ಮೂಡುತ್ತದೆ. ಆಚೆ ದಡದಲ್ಲಿ ವಿದ್ಯೆಯ ಸೀಮೆ. ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಸರ್ವಪಲ್ಲಿ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ ತಾವೇ ಅದನ್ನು ರೈಲು ನಿಲ್ದಾಣದವರೆಗೆ ಎಳೆದೊಯ್ದರೆಂಬುದು ಪ್ರಸಿದ್ಧ. ಇಲ್ಲಿಗೆ ಬರುವ ವೇಳೆಗೆ ಹಿಮ್ಮಡಿ ನೋಯುತ್ತಿರುವ ಯಾತ್ರಿಕನಿಗೆ ಅಂಥ ಶಿಷ್ಯವೃಂದದ ಕೊರತೆ ತೀವ್ರವಾಗಿ ಕಾಡುತ್ತದೆ.

ಸಮೀಪದ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನು, ಅಂದರೆ ಓಲೆಗರಿಯ ಹಸ್ತಪ್ರತಿಗಳನ್ನು ಕೂಡಿಟ್ಟು ಶೋಧಿಸುವ ಸಂಸ್ಥೆಯನ್ನು, ತುಸು ನಿಂತು ನೋಡಬೇಕು. 1891ರಲ್ಲಿ ಆರಂಭವಾದ ಈ ಭಂಡಾರದಲ್ಲೇ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿಯನ್ನು ಗುರುತಿಸಿ 1909ರಲ್ಲಿ ಮುದ್ರಿಸಿದರು. ಬೀದಿಯಲ್ಲಿ ಕಸ ಎಸೆದವನಿಗೆ ಎಂಟನೆಯ ಒಂದು ಪಣ ದಂಡ ಎಂದು ಆ ಗ್ರಂಥ ವಿಧಿಸುತ್ತದೆ; ಕಾಲುದಾರಿಯ ಮೇಲೆ ಸ್ಕೂಟರ್ ನಿಲ್ಲಿಸುವವನ ವಿಷಯದಲ್ಲಿ ಕೌಟಿಲ್ಯನೂ ಮೌನಿ.

1916ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯದ ಆಡಳಿತ ನಡೆಯುವ ಕ್ರಾಫರ್ಡ್ ಭವನವನ್ನು ಹೊರಗಿನಿಂದ ನೋಡಿ ಮುಂದುವರಿಯಬಹುದು. ಒಳಗೆ ಹೋಗಲು ಅಂಕಪಟ್ಟಿಯಂಥ ಗಟ್ಟಿ ಕಾರಣ ಬೇಕು. ಕುವೆಂಪು ಅವರು ಕುಲಪತಿಗಳಾಗಿದ್ದಾಗ ರೂಪುಗೊಂಡು ಅವರಿಂದಲೇ ಹೆಸರು ಪಡೆದ ಮಾನಸಗಂಗೋತ್ರಿ ಆವರಣದಲ್ಲಿ, ರಾಜಕುಮಾರಿಗಾಗಿ ಕಟ್ಟಿದ ಜಯಲಕ್ಷ್ಮಿ ವಿಲಾಸದಲ್ಲಿ ಈಗ ಜಾನಪದ ವಸ್ತುಸಂಗ್ರಹಾಲಯವಿದ್ದು, ಹಳ್ಳಿಯ ಪರಿಕರಗಳು ಅರಮನೆಯ ಸೂರಿನಡಿ ವಾಸಿಸುತ್ತಿವೆ.

ಅಲ್ಲಿಂದ ಕುಕ್ಕರಹಳ್ಳಿ ಕೆರೆಯ ಏರಿಗೆ ಬಂದರೆ ಬೇರೊಂದು ಪಂಥದ ನಡಿಗೆಯವರು ಕಾಣಸಿಗುತ್ತಾರೆ. ಕುವೆಂಪು ಅವರಿಗೆ ಪ್ರಿಯವಾಗಿದ್ದ ಈ ದಂಡೆಯನ್ನು ಈ ಪಂಥದವರು ಬೆಳಿಗ್ಗೆ ಸಂಜೆ ತಪ್ಪದೆ ಸುತ್ತುತ್ತಾರಾದರೂ ಅವರ ದೃಷ್ಟಿ ನೀರಿನ ಕಡೆಗೂ ಇಲ್ಲ, ಹಕ್ಕಿಯ ಕಡೆಗೂ ಇಲ್ಲ, ಮಣಿಕಟ್ಟಿಗೆ ಕಟ್ಟಿದ ಯಂತ್ರದ ಮೇಲಿದೆ. ಗಡಿಯಾರ, ಸಾರೋಟು, ಅರ್ಥಶಾಸ್ತ್ರ ಎಲ್ಲವನ್ನೂ ಕಂಡು ಬಂದವನು ಉತ್ಸಾಹದಿಂದ ವರದಿ ಒಪ್ಪಿಸತೊಡಗಿದರೆ, ಅವರು ವೇಗ ತಗ್ಗಿಸದೆಯೇ ಕೇಳುವುದು ಒಂದನ್ನು: “ಒಟ್ಟು ಎಷ್ಟು ಸ್ಟೆಪ್ಸ್ ಆಯ್ತು?”